ಮೇಲಿನ ತಿಳಿ

ಏಳನೆಯ ಬಾಟಲಿಯಲ್ಲಿ ಕಾಗದದ ಪಟ್ಟಿ ಇವತ್ತೂ ಹಾಗೇ ನಿಂತಿತ್ತು. ಅರವತ್ತು ಡಿಗ್ರಿಯ ಬಿಸಿಪೆಟ್ಟಿಗೆಯ ಬಾಗಿಲು ತೆಗೆದ ಲ್ಯಾಬ್ ಸಹಾಯಕ ಮುಚ್ಚುವುದನ್ನು ಮರೆತು, ಮುಖಕ್ಕೆ ರಾಚುವ ಕಾವಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ನಿಂತ. ನಾಲ್ಕು ದಿನದ ಹಿಂದೆ ತಾನೇ ಕತ್ತರಿಸಿ ಇಳಿಬಿಟ್ಟ ಪಟ್ಟಿ. ಅಂಚು ಕೂಡ ಮೆತ್ತಗಾಗಿರಲಿಲ್ಲ. ಹಿಂದೆಲ್ಲ ಹೀಗಿರಲಿಲ್ಲ. ಮೊದಲ ದಿನ ಕಾಗದಕ್ಕೆ ಹಳದಿ ಹತ್ತುತ್ತಿತ್ತು, ಎರಡನೆಯ ದಿನ ಅಂಚು ನಾರುನಾರಾಗಿ ಬಿಚ್ಚಿಕೊಳ್ಳುತ್ತಿತ್ತು, ಮೂರನೆಯ ದಿನ ಒಮ್ಮೆ ಕುಲುಕಿದರೆ ಸಾಕು, ಪಟ್ಟಿಗೆ ಪಟ್ಟಿಯೇ ಕುಸಿದು ತಳ ಸೇರುತ್ತಿತ್ತು. ಗಾಳಿಯ ಸುಳಿವೇ ಇಲ್ಲದ ಬಾಟಲಿಯಲ್ಲಿ, ಮನುಷ್ಯನಾದವನು ಬೆರಳು ಅದ್ದಿ ಇಡಲಾಗದ ಬಿಸಿಯಲ್ಲಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕಾಗದವನ್ನು ಮೇಯ್ದು ಮುಗಿಸುತ್ತಿತ್ತು. ಎರಡು ತಿಂಗಳಿಂದ ಮೇಯುವುದನ್ನು ಬಿಟ್ಟಿದೆ. ಕಾರಣ ಯಾರೆಂದು ಇಡೀ ಲ್ಯಾಬಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಆ ಒಬ್ಬ ಹದಿನೈದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಮಧ್ಯಾಹ್ನ ಮೂರು ಗಂಟೆಗೆ ಪ್ರೊಫೆಸರರ ಕೋಣೆಯಲ್ಲಿ, ನಾಲ್ಕು ವರ್ಷ ಇದೇ ಬಾಟಲಿಗಳ ಮುಂದೆ ಕೂತು ಸಂಶೋಧನೆ ಮಾಡಿದ ಹುಡುಗಿ, ತನ್ನ ಹಿಂದಿನ ಫಲಿತಾಂಶಗಳೆಲ್ಲ ಸುಳ್ಳು ಎಂದು ಒಪ್ಪಿ ಸಹಿ ಹಾಕಿ ಹೊರಟು ಹೋಗಬೇಕು. ಪತ್ರ ಟೈಪಾಗಿ ತಯಾರಾಗಿದೆ. ಆ ಪತ್ರದಲ್ಲಿ ಎಲ್ಲೂ ತನ್ನ ಪ್ರಸ್ತಾಪವಿಲ್ಲ ಎಂದು ಅವನು ನಿನ್ನೆಯೇ ಜೆರಾಕ್ಸ್ ಮಾಡುವ ನೆಪದಲ್ಲಿ ಓದಿ ನೋಡಿಕೊಂಡಿದ್ದ.

ಬಲಗೈಯ ಹೆಬ್ಬೆರಳ ಬುಡ ಇನ್ನೂ ಚುರುಗುಟ್ಟುತ್ತಿತ್ತು. ಬೆಳಿಗ್ಗೆ ಚೆಲ್ಲಿದ ಟೀ. ಮಗಳು ಲೋಟವನ್ನು ತಂದು ಎಂದಿನಂತೆ ಮೇಜಿನ ಆ ತುದಿಯಲ್ಲಿಟ್ಟು, ಎರಡು ಬೆರಳಿನಿಂದ ಅಷ್ಟು ದೂರ ಈಚೆಗೆ ತಳ್ಳಿದ್ದಳು. ‘ಕೈಗೆ ಕೊಟ್ರೆ ನಿನ್ನ ಕೈ ಸವೆದು ಹೋಗುತ್ತಾ?’ ಎಂದಿದ್ದ. ‘ಬಿಸಿ ಇದೆ ಅಪ್ಪ, ಅದಕ್ಕೆ’ ಎಂದಿದ್ದಳು, ಹದಿನಾಲ್ಕರ ಹುಡುಗಿ, ಬ್ಯಾಂಕಿನ ಕಿಟಕಿಯಾಚೆ ಕೂತವರ ಹಾಗೆ ಮರ್ಯಾದೆಯಾಗಿ. ಆ ಮರ್ಯಾದೆ ಅವನ ನೆತ್ತಿಗೇರಿತು. ಲೋಟ ಗೋಡೆಗೆ ಬಡಿದದ್ದು ಅವನಿಗೆ ಗೊತ್ತಾದದ್ದು ಬಡಿದ ಮೇಲೆ. ಅವನನ್ನು ನಿಜವಾಗಿ ಕೆರಳಿಸಿದ್ದು ಆಮೇಲಿನದು: ಇಬ್ಬರೂ ಬೆಚ್ಚಲಿಲ್ಲ. ಹೆಂಡತಿ ಬಟ್ಟೆ ಹಿಡಿದು ಬಂದು, ಟೀ ಗೋಡೆಯಿಂದ ನೆಲಕ್ಕೆ ಇಳಿಯುವ ಮೊದಲೇ ಒರೆಸಲು ಕೂತಳು. ಆ ಬಟ್ಟೆಯನ್ನು ಅವಳು ಮೊದಲೇ ಕೈಯಲ್ಲಿ ಹಿಡಿದುಕೊಂಡಿದ್ದಳೇನೋ ಎಂದು ಈಗ ಅನ್ನಿಸುತ್ತಿದೆ. ಮಗಳು ಚೀಲ ಹೆಗಲಿಗೇರಿಸಿ, ‘ಬರ್ತೀನಿ ಅಪ್ಪ’ ಎಂದು ಹೇಳಿಯೇ ಹೋದಳು.

ಹತ್ತು ಗಂಟೆಗೆ ಪ್ರೊಫೆಸರ್ ಬಂದರು. ಚಪ್ಪಲಿಯ ಸದ್ದಿನಲ್ಲೇ ಅವರ ಮೂಡು ಗೊತ್ತಾಗುತ್ತಿತ್ತು, ಲ್ಯಾಬಿನವರೆಲ್ಲ ಆ ವಿದ್ಯೆಯಲ್ಲಿ ಪಳಗಿದ್ದರು. ಹುಡುಗಿ ಎದ್ದು ನಿಂತಳು. ‘ತಗೊಂಡ್ಬಾ’ ಎಂದರು ಅವರು, ಅವಳಿಗಲ್ಲ, ಅವನಿಗೆ. ಅವನು ಏಳನೆಯ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟ. ಪ್ರೊಫೆಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದೇನಮ್ಮ ಇದು, ಕಾಗದ ನೆನೆಹಾಕಿದ ನೀರಾ?’ ಎಂದರು. ಹುಡುಗಿ ಏನೋ ಹೇಳಲು ಹೋದಳು. ‘ನಾಲ್ಕು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀಯಲ್ಲ. ನೀನು ತೆಗೆದ ಫೋಟೋ ತೋರಿಸಿಕೊಂಡು ನಾನು ಊರೂರು ಸುತ್ತಿದೆ. ಈಗ ನೋಡು, ಒಂದು ಚೂರು ಪೇಪರ್ ಕರಗಿಸೋಕಾಗಲ್ಲ ಇದಕ್ಕೆ’ ಎನ್ನುತ್ತ ಎನ್ನುತ್ತಲೇ ತೋಳು ಬೀಸಿ ಬಾಟಲಿಯನ್ನು ಸಿಂಕಿನ ಮೇಲಿನ ಗೋಡೆಗೆ ಹೊಡೆದರು. ಬಿಸಿ ಬಾಟಲಿ, ಒಳಗೆ ಒತ್ತಡ. ಸಿಡಿದ ಸದ್ದಿಗೆ ಪಕ್ಕದ ಕೋಣೆಯ ಫ್ಯಾನು ಕೂಡ ನಿಂತ ಹಾಗಾಯಿತು. ಕೊಳೆತ ಮೊಟ್ಟೆಯ ನಾತ ಎದ್ದಿತು. ಹುಡುಗಿಯ ಮೀನಖಂಡದಲ್ಲಿ ಗಾಜಿನ ಚೂರೊಂದು ನಿಂತುಕೊಂಡಿತ್ತು, ಅವಳು ಅದನ್ನೇ ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದಳು. ‘ಮೂರಕ್ಕೆ ಬಂದು ಸಹಿ ಹಾಕು’ ಎಂದು ಪ್ರೊಫೆಸರ್ ಹೊರಟವರು ಬಾಗಿಲಲ್ಲಿ ನಿಂತು, ‘ನೆಲ ಒರೆಸಪ್ಪ’ ಎಂದರು. ಅವನು ಒರೆಸಿದ. ಇಪ್ಪತ್ತು ವರ್ಷದ ಸರ್ವಿಸಿನ ಲ್ಯಾಬ್ ಸಹಾಯಕ, ಮಂಡಿಯೂರಿ, ತಾನೇ ಕೊಂದದ್ದನ್ನು ತಾನೇ ಬಳಿದು ಬಕೆಟ್ಟಿಗೆ ಹಿಂಡಿದ. ಬೆಳಿಗ್ಗೆ ಹೆಂಡತಿ ಕೂತ ಭಂಗಿಯಲ್ಲೇ ತಾನು ಕೂತಿದ್ದೇನೆ ಎಂದು ಹೊಳೆದು ಮೈ ಉರಿಯಿತು.

ಕುಲುಕಿ ತೆಗಿಯಪ್ಪ, ಎಂದಿದ್ದ ಹಳಬ. ಅವನಿಗಿಂತ ಮುಂಚೆ ಈ ಕೆಲಸ ನೋಡಿಕೊಂಡಿದ್ದವನು, ನಿವೃತ್ತನಾಗುವ ವಾರ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ. ನಾಲ್ಕು ದಿನಕ್ಕೊಮ್ಮೆ ಹಳೆಯ ಬಾಟಲಿಯಿಂದ ಒಂದಿಷ್ಟನ್ನು ಸಿರಿಂಜಿನಲ್ಲಿ ಎಳೆದು, ಹೊಸ ಪಟ್ಟಿ ಇಟ್ಟ ಹೊಸ ಬಾಟಲಿಗೆ ಚುಚ್ಚಿ ಬಿಡಬೇಕು. ಸಂತಾನ ಮುಂದುವರಿಯುವುದು ಹೀಗೆ. ‘ದಪ್ಪ ಸೂಜೀನೇ ಹಾಕು. ಚೂರು ಬರಬೇಕು. ಚೂರಿಗೆ ಕಚ್ಚಿಕೊಂಡಿರೋದೇ ಅಸಲಿ ಮಾಲು. ಮೇಲಿನ ತಿಳಿ ತಗೊಂಡ್ರೆ ಏನೂ ತಗೊಂಡ ಹಾಗಲ್ಲ.’ ಮೂರು ವರ್ಷ ಇವನೂ ಹಾಗೇ ಮಾಡಿದ್ದ. ಆದರೆ ಚೂರು ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಿದರೆ ಹೋಗುವುದಿಲ್ಲ, ಜೋರಾಗಿ ಒತ್ತಿದರೆ ಸೂಜಿ ಕಿತ್ತು ಬಂದು ಬಿಸಿನೀರು ಮುಖಕ್ಕೆ ಸಿಡಿಯುತ್ತದೆ. ಒಂದು ಸಲ ಹಾಗೆ ಸಿಡಿದು, ಅವನು ಸಿರಿಂಜನ್ನು ನೆಲಕ್ಕೆ ಹಾಕಿ ಹಿಮ್ಮಡಿಯಲ್ಲಿ ಅರೆದು ಹಾಕಿದ್ದ. ಆಮೇಲಿಂದ ಸಣ್ಣ ಸೂಜಿ. ಬಾಟಲಿಯನ್ನು ಕುಲುಕದೆ ನಿಲ್ಲಿಸಿ, ಚೂರೆಲ್ಲ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಎಳೆದುಕೊಳ್ಳುತ್ತಿದ್ದ. ಸಲೀಸು. ಕೈ ಕೊಳೆಯಾಗದು. ಒಂದು ವರ್ಷ, ನಾಲ್ಕು ದಿನಕ್ಕೊಮ್ಮೆ. ಬೇಗ ಬೆಳೆಯಲೆಂದು ನೀರಿಗೆ ಒಂದಿಷ್ಟು ಸಕ್ಕರೆಯ ಅಂಶವನ್ನೂ ಹಾಕಿರುತ್ತಾರೆ, ಅದನ್ನು ತಿಂದುಕೊಂಡು ತಿಳಿಯಲ್ಲಿದ್ದವೂ ಬೆಳೆಯುತ್ತಿದ್ದವು. ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು.

ಹದಿನೈದು ದಿನದ ಹಿಂದೆ ಹುಡುಗಿ ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು, ‘ಅಣ್ಣ, ಒಂದ್ಸಲ ನೋಡಿ’ ಎಂದಿದ್ದಳು. ಅವಳ ಬಾಯಲ್ಲಿ ಅವನು ಅಣ್ಣ. ಮನೆಯಲ್ಲಿ ತನಗೊಬ್ಬ ಅಣ್ಣನಿದ್ದಾನೆ, ನಿಮ್ಮ ಹಾಗೇ ಸಿಡುಕ ಎಂದು ನಗುತ್ತಿದ್ದಳು. ಮೊದಲು ಹಳೆಯ ಫೋಟೋ ತೋರಿಸಿದಳು: ಕಾಗದದ ಒಂದೊಂದು ನಾರಿನ ಮೇಲೂ ಸಣ್ಣ ಕಡ್ಡಿಗಳಂಥವು ಜಾಗ ಬಿಡದೆ ಮೆತ್ತಿಕೊಂಡಿದ್ದವು. ‘ಬೇರೆಯವೆಲ್ಲ ತಮ್ಮ ಎಂಜೈಮನ್ನ ನೀರಿಗೆ ಬಿಡ್ತಾವೆ ಅಣ್ಣ, ಎಲ್ಲೋ ಹೋಗಿ ಕಡೀಲಿ ಅಂತ. ಇದು ಹಾಗಲ್ಲ. ತನ್ನ ಮೈಮೇಲೇ ಕಟ್ಟಿಕೊಂಡಿರುತ್ತೆ. ಹೋಗಿ ನಾರನ್ನ ತಬ್ಬಿಕೊಳ್ಳುತ್ತೆ, ತಬ್ಬಿಕೊಂಡೇ ಕಡಿಯುತ್ತೆ. ಮಧ್ಯೆ ಜಾಗಾನೇ ಬಿಡಲ್ಲ.’ ಆಮೇಲೆ ಈಗಿನದನ್ನು ತೋರಿಸಿದಳು. ನಾರು ಬರಿಮೈಯಲ್ಲಿ ಬಿದ್ದಿತ್ತು. ಕಡ್ಡಿಗಳೆಲ್ಲ ನೀರಿನಲ್ಲಿ ಅತ್ತಿತ್ತ ತೇಲುತ್ತಿದ್ದವು, ಒಂದಕ್ಕೂ ನಾರಿನ ಗೊಡವೆ ಇಲ್ಲ. ‘ಯಾಕೋ ಅಂಟ್ತಾನೇ ಇಲ್ಲ ಅಣ್ಣ’ ಎಂದಳು. ಅವನಿಗೆ ಒಂದೇ ಏಟಿಗೆ ಅರ್ಥವಾಗಿಹೋಯಿತು. ಪ್ರತಿ ಸಲವೂ ಕಚ್ಚಿಕೊಂಡವನ್ನು ತಳದಲ್ಲಿ ಬಿಟ್ಟು, ಬಾಟಲಿ ತೊಳೆಯುವ ಮುನ್ನ ಹಬೆಗೆ ಹಾಕಿ ಕೊಂದೆ, ಕಚ್ಚಿಕೊಳ್ಳಲಾರದವನ್ನು ಆರಿಸಿ ಆರಿಸಿ ಮುಂದಕ್ಕೆ ಒಯ್ದೆ. ಕಣ್ಣನ್ನು ಮಸೂರದಿಂದ ತೆಗೆಯದೆ, ‘ಕರೆಂಟ್ ಏರುಪೇರಾಗಿರಬೇಕು ಬಿಡಿ’ ಎಂದಿದ್ದ.

ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದ. ಮರದ ಚಕ್ಕೆಯನ್ನು ಬೇಯಿಸಿ ಅರೆದು ತಿರುಳು ಮಾಡುವ ಗುಂಡಿಯ ಪಕ್ಕ ಎಂಟು ಗಂಟೆ ನಿಂತು ಬರುತ್ತಿದ್ದ, ಬಂದವನು ಬೆಲ್ಟು ಬಿಚ್ಚುತ್ತಿದ್ದ. ಬೆಲ್ಟು ಬಿಚ್ಚಿದ್ದು ಮಲಗಲಿಕ್ಕೋ ಹೊಡೆಯಲಿಕ್ಕೋ ಎಂದು ಗೊತ್ತಾಗುವಷ್ಟರಲ್ಲಿ ಮೊದಲ ಏಟು ಬಿದ್ದಿರುತ್ತಿತ್ತು. ಆರು ವರ್ಷದವನಿರುವಾಗ ಇವನು ಒಂದು ಉಪಾಯ ಕಂಡುಕೊಂಡ. ಓಡಬಾರದು. ಓಡಿದರೆ ಬೆಲ್ಟಿಗೆ ದೂರ ಸಿಗುತ್ತದೆ. ನೇರ ಹೋಗಿ ಅಪ್ಪನ ಕಾಲನ್ನು ತಬ್ಬಿಕೊಂಡುಬಿಡಬೇಕು, ಮುಖವನ್ನು ತೊಡೆಗೆ ಒತ್ತಿಬಿಡಬೇಕು. ಆಗ ಬೀಸಲು ಜಾಗವಿರುವುದಿಲ್ಲ, ಬಿದ್ದರೂ ಏಟಿಗೆ ಜೀವವಿರುವುದಿಲ್ಲ. ಅಪ್ಪ ಬೈಯುತ್ತ, ಕಾಲು ಝಾಡಿಸುತ್ತ, ಕುಂಟುತ್ತ ಇಡೀ ಕೋಣೆ ಸುತ್ತುತ್ತಿದ್ದ, ಇವನು ಬಿಡುತ್ತಿರಲಿಲ್ಲ. ಪ್ಯಾಂಟಿಗೆ ಸುಣ್ಣದ, ಗಂಧಕದ, ಬೆಂದ ಮರದ ವಾಸನೆ. ಎಷ್ಟೋ ಸಲ ಅಪ್ಪನಿಗೇ ಸುಸ್ತಾಗಿ, ಹಾಗೇ ಕುರ್ಚಿಗೆ ಒರಗಿ ನಿದ್ದೆ ಹೋದದ್ದುಂಟು, ಇವನು ಕಾಲನ್ನು ತಬ್ಬಿಕೊಂಡ ಹಾಗೇ. ಜೀವನದಲ್ಲಿ ಅಪ್ಪನಿಗೆ ಅಷ್ಟು ಹತ್ತಿರ ಇದ್ದದ್ದು ಆವಾಗ ಮಾತ್ರ. ಅದನ್ನು ಯಾರಿಗೂ ಹೇಳಲು ಬರುವುದಿಲ್ಲ, ಹೇಳಿದರೆ ನಗುತ್ತಾರೆ.

ಮಗಳೂ ಒಂದು ಸಲ ಹಾಗೇ ತಬ್ಬಿಕೊಂಡಿದ್ದಳು. ಐದು ವರ್ಷ. ಅವನು ಹೆಂಡತಿಯ ಜುಟ್ಟು ಹಿಡಿದಿದ್ದ, ಕಾರಣ ಈಗ ನೆನಪಿಲ್ಲ, ಆಗಲೂ ದೊಡ್ಡದೇನಿರಲಿಲ್ಲ. ಕೂಸು ಎಲ್ಲಿಂದಲೋ ಓಡಿ ಬಂದು ಅವನ ಮಂಡಿಯನ್ನು ಎರಡೂ ಕೈಯಲ್ಲಿ ಸುತ್ತಿಕೊಂಡು ನೇತುಬಿದ್ದಿತು. ‘ಅಪ್ಪ ನೀನು ಬೇಡ, ಬೇಡ.’ ಅವನು ಕಾಲು ಝಾಡಿಸಿದ. ಒಂದು ಸಲಕ್ಕೆ ಬಿಡಲಿಲ್ಲ. ಎರಡನೆಯ ಸಲ ಜೋರಾಗಿ ಝಾಡಿಸಿದ. ಹೊಸ್ತಿಲಿಗೆ ಬಡಿದದ್ದು ಹಣೆಯೋ ಬಾಯಿಯೋ ಎಂದು ಗೊತ್ತಾಗದಷ್ಟು ರಕ್ತ. ಮುಂದಿನ ಎರಡು ಹಾಲುಹಲ್ಲು ನೆಲದ ಮೇಲೆ ಬಿದ್ದಿದ್ದವು. ಹೇಗೂ ಬೀಳುವ ಹಲ್ಲು, ಎಂದಿದ್ದ ಡಾಕ್ಟರಿಗೆ. ಹೇಗೂ ಬೀಳುವ ಹಲ್ಲು ಎಂದು ತನಗೂ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಹೊಸ ಹಲ್ಲು ನೆಟ್ಟಗೆ ಚೆನ್ನಾಗಿಯೇ ಬಂದವು. ಅಲ್ಲಿಂದಾಚೆ ಅವಳು ಅವನಿಗೆ ನೀವು ಎನ್ನುತ್ತಾಳೆ. ಹೆಂಡತಿಯೂ ಮೊದಮೊದಲು ಹೊಡೆಸಿಕೊಂಡ ಮೇಲೆ ಅವನ ತೋಳಿಗೆ ಆತುಕೊಂಡೇ ಅಳುತ್ತಿದ್ದವಳು, ಅವನು ಆ ಭಾರವನ್ನು ತಾಳಲಾರದೆ ಕೊಡವಿ ಕೊಡವಿ, ಈಗ ಅಳುವುದಾದರೆ ಅಡುಗೆಮನೆಯಲ್ಲಿ ಅಳುತ್ತಾಳೆ. ಮನೆಯಲ್ಲಿ ಜಗಳವಿಲ್ಲ, ಗಲಾಟೆಯಿಲ್ಲ, ಎದುರುತ್ತರವಿಲ್ಲ. ನಿಮ್ಮ ಮನೆ ಎಷ್ಟು ಶಾಂತ ಎನ್ನುತ್ತಾರೆ ಪಕ್ಕದ ಮನೆಯವರು.

ಎರಡೂವರೆಗೆ ಅವನು ತಣ್ಣನೆಯ ಕಪಾಟು ತೆರೆದು, ಕೆಳಗಿನ ಗೂಡಿನ ಹಿಂದಕ್ಕೆ ಕೈ ಹಾಕಿದ. ಹಳಬ ಹೋಗುವಾಗ ಇಟ್ಟುಹೋದ ಬಾಟಲಿ ಅಲ್ಲೇ ಇತ್ತು, ತಗಡಿನ ಹಾಳೆಯಲ್ಲಿ ಸುತ್ತಿಕೊಂಡು, ಹಳಬನ ಉರುಟು ಅಕ್ಷರದಲ್ಲಿ ತಾರೀಕು ಹೊತ್ತುಕೊಂಡು. ಅಕಸ್ಮಾತ್ ಕೈಕೊಟ್ಟರೆ ಇದರಿಂದ ಶುರು ಮಾಡು, ಬೀಜ ಗಟ್ಟಿಯಾಗಿ ಕೂತಿರುತ್ತೆ, ಹತ್ತು ವರ್ಷವಾದ್ರೂ ಸಾಯಲ್ಲ ಎಂದಿದ್ದ. ಹಾಳೆಯ ಅಂಚು ಬಿಡಿಸಿದರೆ ತಳದಲ್ಲಿ ಹಳದಿ ಚೂರಿನ ಗಸಿ ಕಂಡಿತು. ಇದೊಂದು ಬಾಟಲಿಯಿಂದ ಎಳೆದು ಬೆಳೆಸಿದರೆ ನಾಲ್ಕು ದಿನದಲ್ಲಿ ಕಾಗದ ಕರಗುತ್ತದೆ, ಹುಡುಗಿ ಹೇಳಿದ್ದೆಲ್ಲ ನಿಜವೆಂದಾಗುತ್ತದೆ. ಕೆಟ್ಟದ್ದು ಹಳಬ ಹೋದ ಮೇಲೆ, ಬಾಟಲಿ ಬದಲಿಸುವವನ ಕೈಯಲ್ಲಿ ಎಂದೂ ಆಗುತ್ತದೆ. ಬದಲಿಸುವವನು ಒಬ್ಬನೇ. ಅವನು ಅದನ್ನು ಕೋಟಿನ ಕೆಳಗೆ ಇಟ್ಟುಕೊಂಡು ತೊಳೆಯುವ ಕೋಣೆಗೆ ನಡೆದ. ಅಲ್ಲಿ ಆಟೋಕ್ಲೇವ್ ಇತ್ತು, ಹಬೆಯ ಒತ್ತಡದಲ್ಲಿ ಎಂಥ ಗಟ್ಟಿ ಜೀವವನ್ನೂ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಉಕ್ಕಿನ ಹಂಡೆ. ಮುಚ್ಚಳ ತೆರೆದಿತ್ತು, ತಳದಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಬುಟ್ಟಿಯೊಳಕ್ಕೆ ಬಾಟಲಿ ಇಳಿಸಲು ಬಾಗಿದ.

‘ಅದೇನಣ್ಣ?’

ಹುಡುಗಿ ಬಾಗಿಲಲ್ಲಿದ್ದಳು, ಕಾಲಿಗೆ ಪಟ್ಟಿ ಕಟ್ಟಿಕೊಂಡು. ತನ್ನ ಲೋಟ ತೊಳೆಯಲು ಬಂದಿದ್ದಳು. ಕೊನೆಯ ದಿನ ಲೋಟವನ್ನು ತೊಳೆದು ಒಯ್ಯಬೇಕಲ್ಲ. ‘ಏನಿಲ್ಲ, ಕಸ’ ಎಂದ. ಅವಳು ಹತ್ತಿರ ಬಂದಳು. ತಾರೀಕು ಓದಿದಳು. ಅವಳ ಮುಖದಲ್ಲಿ ವಿಷಯ ಒಂದೊಂದೇ ಮೆಟ್ಟಿಲು ಹತ್ತುತ್ತಿರುವುದನ್ನು ಅವನು ನೋಡುತ್ತಲೇ ನಿಂತ. ‘ತಿಳಿ ತೆಗೀತಿದ್ರಾ ನೀವು?’ ಎಂದಳು ಮೆಲ್ಲಗೆ. ‘ಎಷ್ಟು ದಿನದಿಂದ? ಗೊತ್ತಿತ್ತಾ ನಿಮಗೆ?’ ಬೈದಿದ್ದರೆ ಆಗುತ್ತಿತ್ತು. ಅವಳ ದನಿಯಲ್ಲಿ ಬರೀ ಲೆಕ್ಕವಿತ್ತು, ಅದನ್ನು ಸಹಿಸಲಾಗದೆ ಅವನು ಕೈಯನ್ನು ಹಂಡೆಯೊಳಕ್ಕೆ ಚಾಚಿದ. ಅವಳು ಎರಡೂ ಕೈಯಲ್ಲಿ ಅವನ ಮುಂಗೈ ಹಿಡಿದಳು. ಅವನು ಕೊಡವಿದ. ಅವಳ ಬೆನ್ನು ಉಕ್ಕಿನ ಮೇಜಿಗೆ ಬಡಿಯಿತು, ಮೇಲಿದ್ದ ಗಾಜಿನ ನಳಿಗೆಗಳೆಲ್ಲ ಉರುಳಿ ಒಡೆದವು, ಅವಳು ಬಿಡಲಿಲ್ಲ. ಹಬೆ ಅವನ ಮಣಿಕಟ್ಟನ್ನೂ ಅವಳ ಬೆರಳುಗಳನ್ನೂ ಒಟ್ಟಿಗೇ ಬೇಯಿಸುತ್ತಿತ್ತು. ‘ಬಿಡು’ ಎಂದು ಇನ್ನೊಂದು ಕೈಯಿಂದ ಅವಳ ಬಾಯಿಗೆ ಹೊಡೆದ. ತುಟಿ ಒಡೆಯಿತು. ‘ಬಿಡೇ’ ಎಂದು ಮತ್ತೆ ಹೊಡೆದ, ಕಿವಿಗೆ, ತಲೆಗೆ, ಎಲ್ಲಿ ಸಿಕ್ಕಿದರೆ ಅಲ್ಲಿ. ಅವಳು ಇನ್ನಷ್ಟು ಹತ್ತಿರ ನುಗ್ಗಿ, ಮುಖವನ್ನು ಅವನ ತೋಳಿಗೆ ಒತ್ತಿ, ಇಡೀ ಮೈಯ ಭಾರ ಬಿಟ್ಟು ನೇತುಬಿದ್ದಳು. ‘ಹೊಡೀರಿ. ಬಿಡಲ್ಲ.’

ಅವನ ಕೈ ಮೇಲೆದ್ದಿತ್ತು. ಬೀಸಲು ಜಾಗವಿರಲಿಲ್ಲ. ಅವಳು ಅಷ್ಟು ಒತ್ತಿಕೊಂಡಿದ್ದಳು. ಅವಳ ಕೂದಲಲ್ಲಿ, ಕೋಟಿನಲ್ಲಿ, ಬೆಳಿಗ್ಗೆ ಸಿಡಿದ ಬಾಟಲಿಯ ಗಂಧಕದ ವಾಸನೆ ಇತ್ತು. ಅಪ್ಪನ ಪ್ಯಾಂಟಿನ ವಾಸನೆ. ಮೇಲೆದ್ದ ಕೈ ಅಪ್ಪನದು ಎಂದು ಒಂದು ಕ್ಷಣ ಅನ್ನಿಸಿತು. ಅಲ್ಲ, ತನ್ನದೇ, ಹೆಬ್ಬೆರಳ ಬುಡದಲ್ಲಿ ಟೀ ಸುಟ್ಟ ಕಲೆಯಿದೆ. ಅದನ್ನು ನೋಡಿ ಅವನಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಆ ಕೈಯನ್ನೇ ಕುದಿಯುವ ನೀರಿಗೆ ಇಳಿಸಿಬಿಡಬೇಕು ಅನ್ನಿಸಿತು. ಇಳಿಸಲಿಲ್ಲ. ಬಾಟಲಿ ಹಿಡಿದ ಬೆರಳುಗಳನ್ನು ಸಡಿಲ ಬಿಟ್ಟ. ಅವಳು ಅದನ್ನು ಕಿತ್ತುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಬೊಬ್ಬೆ ಏಳುತ್ತಿದ್ದ ಬೆರಳಲ್ಲಿ ಬೆಳಕಿಗೆ ಹಿಡಿದು ನೋಡಿದಳು. ಒಡೆದಿಲ್ಲ, ಬಿಸಿ ತಗುಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ತುಟಿ ಒರೆಸಿಕೊಂಡಳು.

ಮೂರು ಗಂಟೆಗೆ ಅವಳ ಹಿಂದೆ ಅವನೂ ಪ್ರೊಫೆಸರರ ಕೋಣೆಗೆ ಹೋದ. ಯಾರೂ ಕರೆದಿರಲಿಲ್ಲ. ಪ್ರೊಫೆಸರ್ ಅವಳ ತುಟಿ ನೋಡಿ, ‘ಇದೇನಾಯ್ತಮ್ಮ, ಬಿದ್ಯಾ?’ ಎಂದರು, ಬೆಳಿಗ್ಗೆ ಗಾಜು ಸಿಡಿಸಿದವರಿಗೆ ಒಳಗೊಳಗೇ ಅಳುಕು. ಅವಳು ಬಾಟಲಿಯನ್ನು ಪತ್ರದ ಮೇಲಿಟ್ಟಳು. ಬಾಯಿ ತೆರೆದದ್ದು ಅವನು. ‘ನಾನು ಹೊಡೆದೆ ಸಾರ್. ಬಾಟಲಿ ಕೆಡಿಸಿದ್ದೂ ನಾನೇ. ಒಂದು ವರ್ಷ ಚೂರು ಬಿಟ್ಟು ತಿಳಿ ಎಳೀತಿದ್ದೆ. ಅಂಟೋದೆಲ್ಲ ಹೋಯ್ತು, ಅಂಟದೇ ಇರೋದು ಉಳೀತು. ಇವರ ಲೆಕ್ಕ ಸರಿ ಇದೆ.’ ಇಷ್ಟು ಹೇಳಲು ಹದಿನೈದು ದಿನ ಬೇಕಾಯಿತು, ಹೇಳಿ ಮುಗಿಸಲು ಅರ್ಧ ನಿಮಿಷ. ಪ್ರೊಫೆಸರ್ ಬಾಟಲಿಯನ್ನೂ ಅವನನ್ನೂ ನೋಡಿ, ‘ಯಾಕಯ್ಯ ಹಾಗೆ ಮಾಡಿದೆ?’ ಎಂದರು. ‘ಚೂರು ಸೂಜಿಗೆ ಸಿಕ್ಕಿಕೊಳ್ತಿತ್ತು ಸಾರ್’ ಎಂದ. ಅವರು ಪತ್ರವನ್ನು ಹರಿಯಲಿಲ್ಲ, ಡ್ರಾಯರಿಗೆ ಹಾಕಿ, ನಾಲ್ಕು ದಿನ ಕಾದು ನೋಡೋಣ ಎಂದರು. ಅವನ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಡಲು ಹೇಳಿದರು. ನಾಳೆಯಿಂದ ಬರಬೇಡ, ಮುಂದಿನದ್ದನ್ನು ಆಫೀಸಿನವರು ತಿಳಿಸುತ್ತಾರೆ.

ಹೊರಗೆ ಓಣಿಯಲ್ಲಿ ಅವನು, ‘ದಪ್ಪ ಸೂಜಿ ಎರಡನೇ ಡಬ್ಬಿಯಲ್ಲಿದೆ. ಕುಲುಕಿ ತೆಗೀಬೇಕು’ ಎಂದ.

‘ಗೊತ್ತು’ ಎಂದಳು. ‘ನೀವು ಹೊಡೆದದ್ದನ್ನೂ ಬರೆದು ಕೊಡ್ತೀನಿ’ ಎಂದಳು. ಅಣ್ಣ ಎನ್ನಲಿಲ್ಲ. ಅವನು ತಲೆಯಾಡಿಸಿದ. ಅವಳು ಬಾಟಲಿಯನ್ನು ಎದೆಗೆ ಒತ್ತಿಕೊಂಡು, ಒಂದು ಕಾಲನ್ನು ಎಳೆಯುತ್ತ ಬಿಸಿಪೆಟ್ಟಿಗೆಯ ಕಡೆ ಹೋದಳು.

ಇಷ್ಟು ಬೇಗ ಅವನು ಮನೆಗೆ ಬಂದದ್ದೇ ಇಲ್ಲ. ಹೆಂಡತಿ ಬಾಗಿಲು ತೆಗೆದು, ಅವನ ಮುಖ ನೋಡಿ, ಮಣಿಕಟ್ಟಿನ ಬೊಬ್ಬೆ ನೋಡಿ, ಒಳಗೆ ಹೋದಳು. ಗೋಡೆಯ ಮೇಲೆ ಟೀ ಕಲೆ ಉಳಿದಿರಲಿಲ್ಲ. ಒರೆಸಿದ ಜಾಗ ಮಾತ್ರ ಉಳಿದ ಗೋಡೆಗಿಂತ ಬೆಳ್ಳಗಿತ್ತು, ಅಂಥ ಬಿಳಿ ಜಾಗಗಳು ಮನೆ ತುಂಬ ಇದ್ದದ್ದು ಇವತ್ತೇ ಅವನ ಕಣ್ಣಿಗೆ ಬಿತ್ತು. ಕುರ್ಚಿಯಲ್ಲಿ ಕೂತ. ಹಳಬನ ಬಾಟಲಿಯ ತಳದ ಆ ಹಳದಿ ಗಸಿ ಕಣ್ಣ ಮುಂದೆ ಬರುತ್ತಿತ್ತು. ಇಲ್ಲಿ ಅಂಥದ್ದನ್ನು ಯಾರೂ ಎತ್ತಿಟ್ಟಿರಲಿಲ್ಲ. ಆ ಎರಡು ಹಲ್ಲನ್ನು ಕೂಡ ಹೆಂಡತಿ ಅವತ್ತೇ ಕಸದ ಜೊತೆ ಗುಡಿಸಿದ್ದಳೋ, ಎಲ್ಲಾದರೂ ಕಟ್ಟಿಟ್ಟಿದ್ದಾಳೋ, ಕೇಳುವ ಧೈರ್ಯ ಒಂಬತ್ತು ವರ್ಷದಲ್ಲಿ ಬಂದಿರಲಿಲ್ಲ.

ಮಗಳು ಶಾಲೆಯಿಂದ ಬಂದಳು. ಕೈಕಾಲು ತೊಳೆದು, ಟೀ ತಂದು, ಮೇಜಿನ ಆ ತುದಿಯಲ್ಲಿಟ್ಟು, ಎರಡು ಬೆರಳಿನಿಂದ ತಳ್ಳಿದಳು. ಲೋಟ ಹೊಸದು.

‘ಇಲ್ಲಿ ಬಾ ಮಗಳೇ’ ಎಂದ. ದನಿ ತನಗೇ ಗುರುತು ಸಿಗಲಿಲ್ಲ. ಅವಳು ಮೇಜನ್ನು ಬಳಸಿಕೊಂಡು ಬಂದಳು. ಹೆದರಿದವರ ಹಾಗೆ ಬರಲಿಲ್ಲ, ಕರೆದಾಗ ಬರುವವರ ಹಾಗೆ ಬಂದಳು. ಬಂದು ನಿಂತಳು. ಅವನು ಕೈ ಚಾಚಿದ, ಅಂಗೈ ಮೇಲೆ ಮಾಡಿ, ಬೊಬ್ಬೆ ಎದ್ದ ಕೈ. ಇನ್ನಷ್ಟು ಚಾಚಿದ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಭುಜ ನೋಯುವಷ್ಟು. ಬೆರಳ ತುದಿಗೂ ಅವಳ ಅಂಗಿಯ ಅಂಚಿಗೂ ನಡುವೆ ಒಂದು ಗೇಣು ಉಳಿಯಿತು. ಅವಳು ಹಿಂದೆ ಸರಿದಿರಲಿಲ್ಲ. ಅವನ ಕೈ ಎಷ್ಟು ದೂರ ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಅಷ್ಟು ಬಿಟ್ಟೇ ನಿಂತಿದ್ದಳು.

‘ಹೇಳಿ ಅಪ್ಪ’ ಎಂದಳು, ‘ಇಲ್ಲಿಂದಾನೇ ಕೇಳಿಸುತ್ತೆ.’